ಅಕ್ಕ ಕಿತ್ತಳೆ ಅಂದದ್ದು

ನಾನು ಮಾಡುತ್ತಿದ್ದ ಬಿಯರಿನ ವಾಸನೆ ಎಂಥದ್ದು ಎಂದು ನನಗೆ ಹೇಳುತ್ತಿದ್ದವಳು ನನ್ನ ಅಕ್ಕ. ಅವಳು ಅದನ್ನು ಒಂದು ಹನಿಯೂ ಕುಡಿದವಳಲ್ಲ. ಈ ಎರಡು ಮಾತನ್ನು ಅನುಮಾನವಿಲ್ಲದೆ ಬರೆಯಬಲ್ಲೆ. ಮುಂದಿನದನ್ನು ಬರೆಯುವಾಗ, ಬಿಯರ್ ಮಾಡುವ ದಿನಗಳಲ್ಲಿ ಇಟ್ಟುಕೊಂಡಿದ್ದ ನೋಟ್‌ಬುಕ್ಕನ್ನು ಪಕ್ಕದಲ್ಲಿ ತೆರೆದಿಟ್ಟಿದ್ದೇನೆ. ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದು ನನಗೆ ಮೊದಲಿಂದಲೂ ಗೊತ್ತು. ನೋಟ್‌ಬುಕ್ಕೂ ಹಾಗೆಯೇ ಹೇಳಿತ್ತು ಎಂಬುದು ತಡವಾಗಿ ಗೊತ್ತಾಯಿತು.

ನಾನು ಬೀದರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಿಯರ್ ಮಾಡುವುದನ್ನು ಕಲಿತದ್ದು ಪುಣೆಯಲ್ಲಿ ಪಿಎಚ್‌ಡಿ ಮಾಡುವಾಗ, ಒಂದೇ ಕೋಣೆಯಲ್ಲಿದ್ದ ಗೆಳೆಯನಿಂದ. ಬೀದರಿಗೆ ಬಂದ ಮೇಲೆ ಅದಕ್ಕೆ ಜಾಗವಿರಲಿಲ್ಲ. ನನ್ನ ಬಾಡಿಗೆ ಮನೆ ಮೇಲಿನ ಮಹಡಿಯಲ್ಲಿ, ಸ್ಲ್ಯಾಬಿನ ಬಿಸಿ ಸಂಜೆಯ ಮೇಲೂ ಇಳಿಯುತ್ತಿರಲಿಲ್ಲ. ಯೀಸ್ಟಿಗೆ ತಂಪು ಬೇಕು. ಭಾಲ್ಕಿಯಲ್ಲಿರುವ ಅಕ್ಕನ ಮನೆ ಹಳೆಯದು, ದಪ್ಪ ಕರಿಗಲ್ಲಿನ ಗೋಡೆ. ಒಳಕೋಣೆಯಲ್ಲಿ ಜೋಳದ ಚೀಲ ಇಡುತ್ತಿದ್ದರು. ಬೇಸಿಗೆಯಲ್ಲಿಯೂ ಅಲ್ಲಿ ಕಾಲಿಟ್ಟರೆ ಅಂಗಾಲಿಗೆ ತಂಪು ತಟ್ಟುತ್ತದೆ. ಶನಿವಾರ ಕಾಲೇಜು ಮುಗಿಸಿ ರೈಲು ಹತ್ತಿದರೆ ಊಟದ ಹೊತ್ತು ಮೀರುವುದರೊಳಗೆ ಭಾಲ್ಕಿ ಮುಟ್ಟಬಹುದು.

ಅಕ್ಕನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ನಾನು ಮಾತನ್ನು ಸುತ್ತುಬಳಸಿ ತಂದೆ.

"ಜವಿಗೋದಿ ಅಕ್ಕಾ. ನೆನಸಿ, ಕುದಿಸಿ, ಹುಳಿ ಬರಸೂದು, ಅಷ್ಟೇ."

"ಹುಳಿ ಬರಸೂದಕ್ಕ ಅದೇನ್ ಇಡ್ಲಿ ಹಿಟ್ಟೇನೋ? ಸೆರಿ, ಹೆಂಡ, ಅಂತ ನೆಟ್ಟಗ ಹೇಳು."

ಭಾವ, ಅಂದರೆ ಅಕ್ಕನ ಗಂಡ, ಬೇಳೆ ಗಿರಣಿಯಲ್ಲಿ ಮೇಲ್ವಿಚಾರಕ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿಸಿಕೊಂಡಿದ್ದರು. "ಹೂಂ ಅನ್ನು ಮಾರಾಯ್ತಿ. ನಿನ್ನ ತಮ್ಮ ಇಷ್ಟು ಓದಿ, ಕಡೀಗಿ ಒಂದು ಉಪಯೋಗದ ಕೆಲಸ ಕಲ್ತು ಬಂದಾನ."

"ನೀವು ಸುಮ್ನಿರ್ರಿ. ನಿಮ್ಮ ಬಾಯಾಗ ಈಗೇ ನೀರು ಬಂದಾವ."

ಮೂರು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ಒಳಕೋಣೆಯಲ್ಲಿ ಇಡಬಹುದು, ದೇವರ ಜಗುಲಿಯ ಕಡೆ ತರಬಾರದು, ಅವಳ ಅಡುಗೆಯ ಒಂದು ಪಾತೇಲಿಯನ್ನೂ ಮುಟ್ಟಬಾರದು. ಇವು ಅವಳ ಕಟ್ಟಳೆ. ಮನೆಯಲ್ಲಿ ಬಿಯರ್ ಮಾಡುವುದನ್ನು ಕಾನೂನು ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಅದನ್ನು ನಾನು ಹೇಳಲಿಲ್ಲ.

ಅಕ್ಕ ಮಸಾಲಿ ಖಾರ ಮಾಡಿ ಕೊಡುತ್ತಿದ್ದಳು. ಒಣಮೆಣಸಿನಕಾಯಿ, ಧನಿಯಾ, ಒಣಕೊಬ್ಬರಿ, ಲವಂಗ, ಚೆಕ್ಕೆ, ಇನ್ನೂ ಎಂಟು ಹತ್ತು ಸಾಮಾನುಗಳನ್ನು ಒಂದೊಂದಾಗಿ ಹುರಿದು ಕುಟ್ಟಿದ ಪುಡಿ. ಇದರಲ್ಲಿ ದಗಡಫೂಲ ಅಂತ ಒಂದಿದೆ, ಕಲ್ಲಿನ ಮೇಲೆ ಬೆಳೆಯುವ ಕರಿಯ ಪಾಚಿಯಂಥದ್ದು. ಅದನ್ನು ಹುರಿಯುವುದೇ ಕಷ್ಟ. ಮೊದಲೇ ಕಪ್ಪಗಿರುವುದರಿಂದ ಸುಟ್ಟಿತೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಅಕ್ಕ ಅದನ್ನು ಹುರಿಯುವಾಗ ಬುಟ್ಟಿಯನ್ನು, ಅಂದರೆ ಹುರಿಯುವ ಬಾಣಲೆಯನ್ನು, ನೋಡುತ್ತಲೇ ಇರಲಿಲ್ಲ, ಮುಖವನ್ನು ಬಾಗಿಲ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ಒಂದು ಕ್ಷಣದಲ್ಲಿ ಥಟ್ಟನೆ ಇಳಿಸುತ್ತಿದ್ದಳು. ಓಣಿಯ ಹತ್ತಿಪ್ಪತ್ತು ಮನೆಗಳು, ಔರಾದ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿ, ಇಷ್ಟು ಅವಳ ಗಿರಾಕಿ. ಔರಾದದ ಖಾನಾವಳಿ ಎಂದರೆ ಅವಳಿಗೆ ಸಣ್ಣ ಹೆಮ್ಮೆ. ಅದು ನೆಂಟಸ್ತಿಕೆಯಿಂದ ಸಿಕ್ಕಿದ್ದಲ್ಲ. ಅದರ ಮಾಲೀಕ ಠಾಣಾ ಕುಶನೂರಿನ ಒಂದು ಮದುವೆಯಲ್ಲಿ ಅವಳ ಖಾರ ಹಾಕಿದ ಪಲ್ಯ ತಿಂದು, ಇದು ಯಾರ ಕೈಯ ಖಾರ ಎಂದು ಹುಡುಕಿಕೊಂಡು ಭಾಲ್ಕಿಗೆ ಬಂದಿದ್ದ.

ಅವಳ ಮೂಗು ನನ್ನ ಬಿಯರಿಗೆ ತಾಗಿದ್ದು ಆಕಸ್ಮಿಕವಾಗಿ. ಒಂದು ಶನಿವಾರ ಒಳಕೋಣೆಯಲ್ಲಿ ಡಬ್ಬದ ಮುಚ್ಚಳ ತೆಗೆದು ನೋಡುತ್ತಿದ್ದೆ. ಅವಳು ಜೋಳ ತೆಗೆದುಕೊಳ್ಳಲು ಬಂದಳು.

"ಸಂತ್ರಿ ಸಿಪ್ಪಿ ಯಾಕ ಹಾಕಿ ಇದರಾಗ?"

ನಾನು ಹಾಕಿರಲಿಲ್ಲ. ಹಾಕಿದ್ದು ಹಾಪ್ಸ್. ಅದು ಚಳಿ ದೇಶದ ಒಂದು ಬಳ್ಳಿಯ ಹೂ, ನನಗೆ ಕೊರಿಯರಿನಲ್ಲಿ ಬರುವಾಗ ಒಣಗಿಸಿ ಒತ್ತಿದ ಹಸಿರು ಗುಳಿಗೆಯಾಗಿರುತ್ತದೆ. ಭಾವ ಅದನ್ನು ಮೊದಲ ಸಲ ನೋಡಿದಾಗ "ಎಮ್ಮಿಗಿ ಹಾಕೂ ಹಿಂಡಿಯಲ್ಲೇನೋ ಇದು" ಅಂದಿದ್ದರು. ಆ ಗುಳಿಗೆಯ ಪೊಟ್ಟಣದ ಮೇಲೆ ಕಿತ್ತಳೆಯ ಚಿತ್ರವಿತ್ತು. ಅಕ್ಕ ಪೊಟ್ಟಣವನ್ನು ನೋಡಿರಲಿಲ್ಲ.

ಅಂದಿನಿಂದ ನಾನು ಪ್ರತಿ ಶನಿವಾರ ಅರ್ಧ ಗ್ಲಾಸು ತೆಗೆದು ಅವಳ ಕೈಗೆ ಕೊಡತೊಡಗಿದೆ. ಅವಳು ಹೊಸ್ತಿಲಲ್ಲಿ ನಿಂತು, ಗ್ಲಾಸನ್ನು ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚುತ್ತಿದ್ದಳು.

"ನೋಡ್ರಪ್ಪೋ, ಲಿಂಗ ಕಟ್ಟಿದಾಕಿ ಸೆರಿ ಮೂಸ್ಲತ್ತಾಳ" ಎಂದು ಭಾವ ಪಡಸಾಲೆಯಿಂದ ಕೂಗುತ್ತಿದ್ದರು.

"ವಾಸ್ನಿಗಿ ಮೈಲಿಗಿ ಇಲ್ರಿ. ಗಾಳಿ ಎಲ್ಲಾರ ಮನೀದೂ ಬರ್ತದ. ಮೂಗು ಮುಚ್ಕೊಂಡು ಕೂಡ್ಲೇನು?"

ಹಾಪ್ಸನ್ನು ಎರಡು ಸಲ ಹಾಕಬಹುದು. ಜವೆಗೋಧಿಯ ರಸ ಕುದಿಯುವಾಗ ಹಾಕಿದ್ದು ಕಹಿ ಕೊಡುತ್ತದೆ, ಅದರ ಘಮ ಹಬೆಯ ಜೊತೆ ಹಾರಿಹೋಗುತ್ತದೆ. ಆದ್ದರಿಂದ ಹುಳಿಯುವುದೆಲ್ಲ ಮುಗಿದು ಬಿಯರ್ ತಣ್ಣಗೆ ಕೂತ ಮೇಲೆ ಇನ್ನೊಂದು ಪಾಲು ಹಾಕುತ್ತಾರೆ. ಇದಕ್ಕೆ ಒಣ ಹಾಪ್ಸ್ ಎನ್ನುತ್ತಾರೆ. ನನ್ನ ಹತ್ತು ಲೀಟರಿಗೆ ಒಂದು ಮುಷ್ಟಿ. ಕುದಿಸಿ ಒಣಗಿಸಿದ ಮಲ್‌ಮಲ್ ಬಟ್ಟೆಯಲ್ಲಿ ಕಟ್ಟಿ, ತೇಲದಂತೆ ಒಂದು ಸ್ಟೀಲ್ ಚಮಚ ಸೇರಿಸಿ, ಮೂರು ದಿನ ಮುಳುಗಿಸಿಡುವುದು; ನಾನು ಕಟ್ಟಿಟ್ಟು ಹೋದದ್ದನ್ನು ಭಾವ ಬುಧವಾರ ಹಾಕುತ್ತಿದ್ದರು. ಹೆಚ್ಚು ದಿನ ಬಿಟ್ಟರೆ ಹುಲ್ಲು ನೆನೆಸಿದ ನೀರಿನಂತಾಗುತ್ತದೆ. ಇದು ಅಕ್ಕ ಕೊಟ್ಟ ಉಪಾಯ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅವಳು ಅಂದದ್ದು ಕಿವಿಯಲ್ಲಿ ಇನ್ನೂ ಇದೆ: "ಕುದಿಯಾಗ ಹಾಕಿದ್ದು ಒಳಗ ಹೋಗ್ತದ, ಆರಿದ ಮ್ಯಾಲ ಹಾಕಿದ್ದು ಮ್ಯಾಲ ನಿಲ್ತದ. ನಾ ಸಾರಿಗಿ ಕೊತ್ತಂಬ್ರಿ ಕಡೀಕ ಯಾಕ ಹಾಕ್ತೇನಿ ಮತ್ತ?" ಆದರೆ ನೋಟ್‌ಬುಕ್ಕಿನ ಪ್ರಕಾರ ನಾನು ಅದಕ್ಕೆಂದೇ ಹೆಚ್ಚಿನ ಪೊಟ್ಟಣ ತರಿಸಿದ್ದು ಅದಕ್ಕಿಂತ ಮೊದಲು. ಅವಳು ನನಗೆ ಗೊತ್ತಿದ್ದುದನ್ನೇ ಹೇಳಿದ್ದಳು. ಉಪಾಯವನ್ನು ಅವಳ ಹೆಸರಿಗೆ ಹಚ್ಚುವ ಅವಶ್ಯಕತೆ ನನಗೆ ಯಾವಾಗ ಬಂತು? ಬಹುಶಃ ಆಮೇಲೆ, ಅವಳಿಂದ ಏನನ್ನೋ ಕಿತ್ತುಕೊಂಡ ಮೇಲೆ.

ಅವಳು ಹೇಳಿದ್ದನ್ನೆಲ್ಲ ನಾನು ಬರೆದುಕೊಳ್ಳುತ್ತಿದ್ದೆ. ಹಾಗೆಂದು ಅಂದುಕೊಂಡಿದ್ದೆ. ಈಗ ಪುಟ ತಿರುಗಿಸಿದರೆ ಅಲ್ಲಿರುವುದು ಅವಳ ಮಾತಲ್ಲ. ಅವಳು 'ಸಂತ್ರಿ ಸಿಪ್ಪಿ' ಅಂದಿದ್ದಳು, ನಾನು 'ಕಿತ್ತಳೆ ಸಿಪ್ಪೆ' ಎಂದು ಬರೆದಿದ್ದೆ. ಅವಳು 'ಹಸಿ ಮಾಯಿನಕಾಯಿ ತೊಟ್ಟು ಮುರದ್ರ ಚಿಮ್ಮತದಲ್ಲ, ಅದು' ಅಂದರೆ ನಾನು 'ಎಳೆ ಮಾವಿನ ಸೊನೆ' ಎಂದು ಬರೆದಿದ್ದೆ. ಒಮ್ಮೆ ಅವಳು ಗ್ಲಾಸನ್ನು ಎರಡು ಸಲ ಮೂಸಿ, "ತೊಗರಿ ಹೊಲದಾಗ ಮುಂಜಾನಿ ಹೋದ್ರ, ಹನಿ ಹತ್ತಿ ಸೀರಿ ಅಂಚು ತೊಯ್ತದಲ್ಲ, ಆವಾಗ ಸೀರೀಗಿ ಬರೂ ವಾಸ್ನಿ" ಅಂದಳು. ಇದು ನನಗೆ ಮರೆತಿಲ್ಲ, ಏಕೆಂದರೆ ಭಾವ ಪೇಪರ್ ಕೆಳಗಿಟ್ಟು ಅವಳನ್ನೇ ನೋಡಿದ್ದರು. ನೋಟ್‌ಬುಕ್ಕಿನಲ್ಲಿ ಅದರ ಎದುರು ಎರಡೇ ಪದಗಳಿವೆ: 'ಹಸಿರು ಸಸ್ಯ.'

ಭಾಲ್ಕಿಯಲ್ಲಿ ಯಾರೂ ಕಿತ್ತಳೆ ಎನ್ನುವುದಿಲ್ಲ. ಗಾಡಿಯವನು ಕೂಗುವುದೂ ಸಂತ್ರಾ ಎಂದೇ. ನಾನೂ ಹಣ್ಣು ಕೊಳ್ಳುವಾಗ ಸಂತ್ರಿ ಎನ್ನುತ್ತೇನೆ. ಬರೆಯುವಾಗ ಮಾತ್ರ ಪೆನ್ನು ತಾನಾಗಿ ಕಿತ್ತಳೆಯ ಕಡೆ ಹೋಗುತ್ತಿತ್ತು. ಶಾಲೆಯಲ್ಲಿ ಕಲಿತದ್ದು ಹಾಗೆ ಕೈಯಲ್ಲಿ ಕೂತಿರುತ್ತದೆ.

ಎರಡು ವರ್ಷದ ಹಿಂದೆ, ತೊಗರಿ ರಾಶಿಯ ಹೊತ್ತಿಗೆ, ಊರಿಗೆಲ್ಲ ಜ್ವರ ಬಂತು. ಭಾವ ನಾಲ್ಕು ದಿನಕ್ಕೆ ಎದ್ದರು. ಅಕ್ಕ ಹತ್ತು ದಿನ ಮಲಗಿದಳು. ಎದ್ದ ಮೇಲೆ ಸ್ವಲ್ಪ ಸೊರಗಿದ್ದಳು, ಅಷ್ಟೇ. "ಆರಾಮ ಇದ್ದೀನಿ" ಅಂದಳು. ನಾನು ನಂಬಿದೆ. ನಂಬದಿರಲು ಕಾರಣವಿರಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ, ಆದರೆ ಕಾರಣವಿತ್ತು. ಅವಳು ಆ ಶನಿವಾರ ಊಟಕ್ಕೆ ಬಡಿಸುವಾಗ ಬೆಳ್ಳುಳ್ಳಿ ಚಟ್ನಿಯನ್ನು ತಟ್ಟೆಗೆ ಹಾಕಿ, ನಾನು ತುತ್ತು ಬಾಯಿಗಿಡುವವರೆಗೂ ಕಾಯುತ್ತಾ ನಿಂತಿದ್ದಳು. ಅಥವಾ ಇದನ್ನು ನಾನು ಆಮೇಲೆ ಸೇರಿಸಿಕೊಂಡೆನೋ. ನೋಟ್‌ಬುಕ್ಕಿನಲ್ಲಿ ಊಟದ ವಿಷಯ ಇಲ್ಲ.

ಜ್ವರದ ಬಳಿಕದ ಮೊದಲ ಬಿಯರಿಗೆ ಒಣ ಹಾಪ್ಸ್ ಹಾಕಿ ಮೂರು ದಿನವಾಗಿತ್ತು. ಗ್ಲಾಸು ಕೊಟ್ಟೆ. ಅವಳು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡು ನಿಂತಳು.

"ಕಿತ್ತಳೆ ಸಿಪ್ಪೆ" ಅಂದಳು. "ಎಳೆ ಮಾವಿನ ಸೊನೆ."

ನಾನು ಬರೆದುಕೊಂಡೆ. ಆ ಸಲ ಬದಲಾಯಿಸಬೇಕಾದದ್ದು ಏನೂ ಇರಲಿಲ್ಲ. ನನಗೆ ಖುಷಿಯಾಗಿತ್ತು, ಇದನ್ನು ಬರೆಯಲೇಬೇಕು. ನನ್ನ ಜೊತೆ ಇದ್ದು ಇದ್ದು ಅಕ್ಕನ ಮಾತು ಸುಧಾರಿಸಿದೆ ಎಂದುಕೊಂಡೆ.

ಮಾರ್ಚಿನಲ್ಲಿ ನನ್ನನ್ನು ಪರೀಕ್ಷೆಯ ತಪಾಸಣೆಗೆ ಎರಡು ವಾರ ಔರಾದಕ್ಕೆ ಹಾಕಿದರು. ಕಾಪಿ ಹೊಡೆಯುವವರನ್ನು ಹಿಡಿಯುವ ಕೆಲಸ. ದಿನಾ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬರುವುದು, ಮಧ್ಯಾಹ್ನದ ಊಟ ಆ ಖಾನಾವಳಿಯಲ್ಲಿ. ಮಾಲೀಕನಿಗೆ ನಾನು ಯಾರ ತಮ್ಮ ಎಂದು ಗೊತ್ತಿತ್ತು. ಎರಡನೇ ದಿನ ಅವನು ಎದುರಿನ ಕುರ್ಚಿಯಲ್ಲಿ ಬಂದು ಕೂತ.

"ಸರ, ಒಂದು ಮಾತದ. ಸಿಟ್ಟಾಗಬ್ಯಾಡ್ರಿ."

"ಹೇಳ್ರಿ."

"ಅಕ್ಕಾವ್ರ ಖಾರ ಈ ಎರಡು ಸಲ ಸುಟ್ಟಾಂಗ ಬಂದದ್ರಿ. ಗಿರಾಕಿ ಪಲ್ಯಾ ಅಲ್ಲೇ ಬಿಟ್ಟು ಏಳ್ಲತ್ತಾರ. ಅವ್ರಿಗಿ ನಾ ಹ್ಯಾಂಗ ಹೇಳ್ಲಿ? ನೀವು ಮನಿಯವ್ರು."

ಡಬ್ಬಿ ತಂದು ಮುಚ್ಚಳ ತೆಗೆದ. ವಾಸನೆಗಳ ವಿಷಯದಲ್ಲಿ ನಾನು ದಡ್ಡ, ನನಗೂ ತಿಳಿಯಿತು. ಸುಟ್ಟಿತ್ತು.

ಅಂದು ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅಕ್ಕನ ಬಾಯಿಂದ ಬಂದ 'ಕಿತ್ತಳೆ' ನೆನಪಾಯಿತು. ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಜ್ವರದ ಬಳಿಕ ಮೂರು ಸಲ ಬಿಯರ್ ಮಾಡಿದ್ದೆ. ಮೂರಕ್ಕೂ ಬೇರೆ ಬೇರೆ ತಳಿಯ ಹಾಪ್ಸ್. ಒಂದರದ್ದು ಹಣ್ಣಿನ ವಾಸನೆಯೇ ಅಲ್ಲ, ಕಟ್ಟಿಗೆಯದು. ಅಕ್ಕ ಮೂರಕ್ಕೂ ಹೇಳಿದ್ದು ಅವೇ ಮಾತು. ಅವು ಹಳೆಯ ಪುಟಗಳಲ್ಲಿ ನಾನು ಬರೆದಿದ್ದ ಮಾತು, ಅದೇ ಕ್ರಮದಲ್ಲಿ, 'ಸಿಪ್ಪಿ'ಯನ್ನು 'ಸಿಪ್ಪೆ' ಮಾಡುವ ನನ್ನದೇ 'ಎ'ಕಾರಗಳ ಜೊತೆ. ನೋಟ್‌ಬುಕ್ ವಾರವೆಲ್ಲ ಒಳಕೋಣೆಯ ಗೂಡಿನಲ್ಲಿ ಇರುತ್ತಿತ್ತು. ಆ ವಾರವಷ್ಟೇ ನಾನು ಅದನ್ನು ಬೀದರಿಗೆ ತಂದಿದ್ದೆ. ಅಕ್ಕ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳೆ.

ಇಷ್ಟು ತಿಳಿದ ಮೇಲೆ ಫೋನ್ ಮಾಡಿ ಕೇಳಬಹುದಿತ್ತು. ನಾನು ಕೇಳಲಿಲ್ಲ, ಪರೀಕ್ಷೆ ಮಾಡಿದೆ. ಆಗ ಒಳಕೋಣೆಯಲ್ಲಿದ್ದ ಹೊಸ ಬಿಯರನ್ನು ಸ್ವಲ್ಪ ಬೇರೆ ಜಾಡಿಯಲ್ಲಿ ಒಣ ಹಾಪ್ಸ್ ಹಾಕದೆ ಇಟ್ಟಿದ್ದೆ, ಎರಡಕ್ಕೂ ಎಷ್ಟು ಅಂತರ ಎಂದು ನೋಡಲು. ಶನಿವಾರ ಆ ಜಾಡಿಯದನ್ನು ಗ್ಲಾಸಿಗೆ ತೆಗೆದು ಅವಳಿಗೆ ಕೊಟ್ಟೆ. ಅದರಲ್ಲಿ ಹಸಿ ಹಿಟ್ಟಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಈ ಸಲ ಒಂದು ಹಿಡಿ ಹೆಚ್ಚು ಹಾಕೀನಿ ಅಕ್ಕಾ. ಹೇಳು."

ಅವಳು ಕಣ್ಣು ಮುಚ್ಚಿದಳು. "ಕಿತ್ತಳೆ ಸಿಪ್ಪೆ. ಜೋರ ಅದ ಈ ಸಲ."

"ಅಕ್ಕಾ, ಇದರಾಗ ಹೂವೇ ಹಾಕಿಲ್ಲ."

ಅವಳು ಕಣ್ಣು ತೆರೆದು ಗ್ಲಾಸನ್ನು ನೋಡಿದಳು, ಆಮೇಲೆ ಪಡಸಾಲೆಯಲ್ಲಿ ಕೂತಿದ್ದ ಭಾವನನ್ನು.

"ನೀ ಯಾವಾಗ ಕಿತ್ತಳೆ ಅಂದಿದ್ದಿ? ನಮ್ಮ ಮನ್ಯಾಗ ಯಾರಾರ ಕಿತ್ತಳೆ ಅಂತಾರೇನು?" ಅಂದೆ.

ಇದನ್ನು ಹೇಳುವಾಗ ನಾನು ನಕ್ಕೆ ಎಂದು ಭಾವ ಹೇಳುತ್ತಾರೆ. ನನಗೆ ನೆನಪಿಲ್ಲ. ನಗಲಿಲ್ಲ ಎಂದು ಬರೆಯಲು ಪೆನ್ನು ಎತ್ತಿದ್ದೆ, ಬರೆಯಲಾಗಲಿಲ್ಲ. ಕಾಪಿ ಚೀಟಿ ಸಿಕ್ಕಾಗ ನನ್ನ ಮುಖದಲ್ಲಿ ಒಂದು ನಗು ಬರುತ್ತದೆ ಎಂದು ಸಹೋದ್ಯೋಗಿಗಳು ಹೇಳಿದ್ದಾರೆ. ಆ ವಾರವೆಲ್ಲ ಔರಾದದಲ್ಲಿ ನಾನು ಮಾಡಿದ್ದು ಅದೇ ಕೆಲಸ. ನಕ್ಕಿರಬೇಕು.

ಅಕ್ಕ ಗ್ಲಾಸನ್ನು ಹೊಸ್ತಿಲ ಪಕ್ಕ ಇಟ್ಟಳು. "ಪುಸ್ತಕದಾಗ ಬರ್ದಿದ್ದಿಯಲ್ಲ, ಓದಿ ಹೇಳ್ದೆ" ಅಂದಳು. ದನಿಯಲ್ಲಿ ಏನೂ ಇರಲಿಲ್ಲ. "ಜ್ವರಾ ಹೋದಾಗಿಂದ ಏನೂ ಬರ್ಲತ್ತಿಲ್ಲ. ಉದಿನಕಡ್ಡಿ ಬರೂದಿಲ್ಲ, ಬೆಳ್ಳೊಳ್ಳಿ ಬರೂದಿಲ್ಲ. ಹಾಲು ಹತ್ತಿದ್ದು ಕಣ್ಣಲೇ ನೋಡಿ ತಿಳೀಬೇಕು."

ಭಾವ ಎದ್ದು ಬಂದರು. "ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಗ್ಯಾಸಿನ ಹಂತ್ಯಾಕ ನಿಲ್ಲಾಕ ಬಿಡ್ತಿದ್ರೇನು?"

ಬಿಡುತ್ತಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

"ಇವತ್ತು ಬರ್ತದ, ನಾಳಿಗಿ ಬರ್ತದ ಅಂತ ಕಾಯ್ಲತ್ತೀನಿ ತಮ್ಮಾ. ಮೂಗಿಲ್ಲದಾಕಿ ಕೈದು ಖಾರ ಯಾರು ಒಯ್ತಾರ? ಯಾರಿಗೂ ಹೇಳಬ್ಯಾಡ. ಔರಾದಕ್ಕ ಹೋಗ್ತಿ ಅಲ್ಲ, ಅಲ್ಲಂತೂ ಹೇಳಲೇಬ್ಯಾಡ."

"ಇಲ್ಲಕ್ಕಾ" ಅಂದೆ.

ಸೋಮವಾರ ಭಾವ ಅವಳನ್ನು ಬೀದರಿಗೆ ಕರೆದುಕೊಂಡು ಬಂದರು, ನಾನು ಔರಾದದಿಂದ ಮರಳಿದ ಮೇಲೆ ಸಂಜೆ ಮೂಗಿನ ಡಾಕ್ಟರಿಗೆ ತೋರಿಸಿದೆವು. ಜ್ವರದ ನಂತರ ಹೀಗೆ ಆಗುವುದುಂಟು, ತಿಂಗಳುಗಳಲ್ಲಿ ಬರಬಹುದು, ಬಾರದೆಯೂ ಇರಬಹುದು ಎಂದರು. ಲವಂಗ, ಲಿಂಬೆ, ಇಂಥ ನಾಲ್ಕು ಸಾಮಾನು ದಿನಾ ಎರಡು ಹೊತ್ತು ಮೂಸುತ್ತಿರಬೇಕು ಎಂದರು. ಅಕ್ಕ ಡಾಕ್ಟರಿಗೆ "ಬಂದ್ರ ಮೊದ್ಲಿನಾಂಗೇ ಬರ್ತದೇನ್ರಿ?" ಎಂದು ಕೇಳಿದಳು. ಅವರು ಆಗಲೇ ಮುಂದಿನ ರೋಗಿಯ ಚೀಟಿಗೆ ಕೈ ಹಾಕಿದ್ದರು.

ಅದೇ ವಾರ, ಗುರುವಾರವೋ ಶುಕ್ರವಾರವೋ, ಖಾನಾವಳಿಯ ಮಾಲೀಕ ಮತ್ತೆ ಬಂದು ಕೂತ.

"ಅಕ್ಕಾವ್ರಿಗಿ ಹೇಳಿದ್ರೇನ್ರಿ ಸರ?"

"ಹೂಂ, ಮಾತಾಡೀನಿ."

"ಏನಂದ್ರು?" ನಾನು ರೊಟ್ಟಿ ಮುರಿದೆ. ಅವನೇ ಮುಂದುವರಿಸಿದ. "ವಯಸ್ಸಾತು ಬಿಡ್ರಿ. ಮೊದ್ಲಿನ ಲಕ್ಷ್ಯ ಉಳದಿಲ್ಲ ಅನಸ್ತದ. ಕೈ ಕೆಲಸ ಒಂದು ಕಡಿ, ಮನಸ್ಸು ಒಂದು ಕಡಿ. ನಮ್ಮ ಅವ್ವಂದೂ ಹಂಗೇ ಆಗಿತ್ತು."

ಆ 'ಲಕ್ಷ್ಯ ಇಲ್ಲ' ಎಂಬುದನ್ನು ನನ್ನಿಂದ ತಾಳಿಕೊಳ್ಳಲಾಗಲಿಲ್ಲ. ಅಕ್ಕನ ಲಕ್ಷ್ಯದ ಬಗ್ಗೆ ಹೀಗೆ ಮಾತಾಡಲು ಇವನ್ಯಾರು? ಹೇಳಿಬಿಟ್ಟೆ. ಲಕ್ಷ್ಯ ಇಲ್ಲ ಅಂತಲ್ಲ, ಜ್ವರದಲ್ಲಿ ಮೂಗು ಹೋಗಿದೆ, ವಾಸನೆಯೇ ಬರುವುದಿಲ್ಲ, ಅಷ್ಟಾದರೂ ನಿಮಗೆ ತಪ್ಪಿಸಬಾರದು ಎಂದು ಮಾಡಿ ಕಳಿಸುತ್ತಿದ್ದಾಳೆ.

"ಅಯ್ಯೋ ಪಾಪ" ಅಂದ. ನಿಜವಾಗಿಯೂ ಮರುಗಿದ. ಒಳಗೆ ತಿರುಗಿ "ಏ, ಸರಿಗಿ ಇನ್ನೊಂದು ರೊಟ್ಟಿ ಬಿಸೀದು ಕೊಡ್ರಿ" ಎಂದು ಕೂಗಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, "ಹಂಗಾದ್ರ ಅವ್ರು ಹುರಿಯೂದು ಹ್ಯಾಂಗ್ರಿ?"

ನಾನು ರೊಟ್ಟಿ ತಿಂದು ಎದ್ದೆ.

ನಾನು ಹೇಳಿದ್ದು ಅವಳ ಮಾನ ಕಾಯಲು ಎಂದು ಬಹಳ ದಿನ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಗೊತ್ತಿರುವುದನ್ನು ಹೇಳದೆ ಕೂತಿರುವುದು ನನ್ನಂಥವರಿಗೆ ಆಗದ ಕೆಲಸ. ತಪ್ಪು ವಿವರಣೆ ಕೇಳಿದರೆ ಸರಿ ವಿವರಣೆ ಬಾಯಿಗೆ ಬಂದೇ ಬರುತ್ತದೆ. ಪಾಠ ಮಾಡುವವರ ರೋಗ ಅದು. ಅಕ್ಕನ ಮಾನ ಅದಕ್ಕೆ ಸಿಕ್ಕ ಒಂದು ನೆವವಾಗಿದ್ದಿರಬಹುದು.

ತಿಂಗಳ ಕೊನೆಗೆ ಔರಾದದಿಂದ ಖಾರ ಕಳಿಸಿರಿ ಎಂಬ ಫೋನ್ ಬರಬೇಕಿತ್ತು. ಫೋನ್ ಬಂತು. ಆ ಮನುಷ್ಯ ಅಕ್ಕನ ಆರೋಗ್ಯ ವಿಚಾರಿಸಿದ. ಸಾವಕಾಶ ಸುಧಾರಿಸಿಕೊಳ್ಳಿರಿ, ನಮಗೇನೂ ಅವಸರವಿಲ್ಲ, ಮೂಗು ಸರಿಯಾದ ಮೇಲೆ ನೀವ್ ಹೇಳಿದಷ್ಟು ತಗೊಂಡು ಹೋಗ್ತೇವಿ ಅಂದ. ಒಳ್ಳೆಯ ಮಾತು. ಅದರ ಒಂದೊಂದು ಪದವೂ ಯಾರಿಂದ ಹೋದದ್ದು ಎಂದು ಅವಳಿಗೆ ತಿಳಿಯದೆ ಇರುತ್ತದೆಯೇ?

ಆ ಶನಿವಾರ ನಾನು ಹೋದಾಗ ತಟ್ಟೆ ಹಾಕಿದಳು, ಎರಡನೇ ಸಲ ಅನ್ನ ಹಾಕಿದಳು. ಮಜ್ಜಿಗೆ ಹಾಕುವಾಗ, "ಔರಾದವ್ರ ಫೋನ್ ಬಂದಿತ್ತು. ಭಾಳ ಛಲೋ ಮನಷ್ಯಾ" ಅಂದಳು. ಅಷ್ಟೇ. ಬೈದಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಬೈದವರು ಭಾವ, ಅದೂ ನನ್ನನ್ನು ಸ್ಟೇಷನ್ನಿಗೆ ಬಿಡುವಾಗ, ಸ್ಕೂಟರ್ ನಿಲ್ಲಿಸಿ.

"ಇಷ್ಟು ವರ್ಷ ಓದಿದ್ರಿ. ಬಾಯಿ ಮುಚ್ಚೂದಕ್ಕ ಒಂದು ಪೇಪರ್ ಇರ್ಲಿಲ್ಲೇನ್ರಿ ಅದರಾಗ?"

ಯಾವಾಗಲೂ ನನ್ನನ್ನು ಏಕವಚನದಲ್ಲಿ ಕರೆಯುವವರು ಅಂದು 'ರಿ' ಹಚ್ಚಿದರು. ಅದನ್ನು ಬರೆದುಕೊಂಡಿಲ್ಲ, ಆದರೂ ತಪ್ಪಿಲ್ಲದೆ ನೆನಪಿದೆ.

ಮಾತು ಔರಾದದಿಂದ ಭಾಲ್ಕಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಾಪ ಅಂದರು. ಖಾರ ಕೇಳುವುದನ್ನು ಬಿಟ್ಟರು, ಜಗಳವಾಡದೆ, ಅವಳಿಗೆ ನೋವಾಗದ ಹಾಗೆ. ಈ ವರ್ಷ ತವರಿನಿಂದ ಬಂದದ, ಇನ್ನೂ ಹೋದ ವರ್ಷದ್ದೇ ಉಳದದ, ಹೀಗೆ ಒಬ್ಬೊಬ್ಬರದು ಒಂದೊಂದು ನೆಪ. ಅಕ್ಕ ಎಲ್ಲರಿಗೂ ಚಹಾ ಮಾಡಿ ಕೊಟ್ಟಳು.

ಒಳಕೋಣೆಯಲ್ಲಿದ್ದ ಆ ಸಲದ ಬಿಯರನ್ನು ನಾನು ಮರೆತೆ ಎಂದರೆ ಸುಳ್ಳು, ಮುಚ್ಚಳ ತೆಗೆಯುವ ಮನಸ್ಸಾಗಲಿಲ್ಲ. ಮೂರು ದಿನ ಇರಬೇಕಾದ ಹಾಪ್ಸ್ ಐದು ವಾರ ಅದರಲ್ಲೇ ಇತ್ತು. ಕೊನೆಗೆ ಭಾವ ಒಂದು ಗುಟುಕು ಕುಡಿದು, "ಕಣಕಿ ಹುಲ್ಲು ತೊಳ್ದ ನೀರು" ಎಂದು ಉಗುಳಿದರು. ಬಚ್ಚಲಿಗೆ ಸುರಿದೆವು. ಆ ಮೇಲೆ ನಾನು ಮಾಡಿಲ್ಲ. ಶನಿವಾರ ಹೋಗುವುದನ್ನು ಬಿಟ್ಟಿಲ್ಲ. ಹೋದಾಗ ಏನು ಮಾಡಬೇಕೆಂದು ತಿಳಿಯದೆ ಕೂತು, ಸಂಜೆಯ ರೈಲಿಗೆ ಬರುತ್ತೇನೆ.

ಹೋದ ತಿಂಗಳು ಅಕ್ಕ ತಾನಾಗಿ ಮಾತು ತೆಗೆದಳು. "ಮನಿ ಖಾರ ತೀರ್ಯದ. ಮೆಣಸಿನಕಾಯಿ, ಧನಿಯಾ ನನಗ ಸಪ್ಪಳ ಕೇಳಿ ತಿಳೀತದ. ಕೊಬ್ರಿ ಬಣ್ಣ ನೋಡಿ ತಿಳೀತದ. ದಗಡಫೂಲಿಗಿ ಮಾತ್ರ ನೀ ಬಂದು ನಿಲ್ಲು."

ನಿಂತೆ. ಅವಳು ಮೊದಲಿನಂತೆ ಬಾಗಿಲ ಕಡೆ ಮುಖ ಮಾಡಲಿಲ್ಲ. ಬುಟ್ಟಿಯ ಮೇಲೆ ಬಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೈ ತಾನಾಗಿ ಆಡುತ್ತಿತ್ತು.

"ಈಗ ಹ್ಯಾಂಗ ಬರ್ಲತ್ತದ?"

"ಛಲೋ ಬರ್ಲತ್ತದ ಅಕ್ಕಾ."

"ಛಲೋ ಅಂದ್ರ ಏನು? ಮದ್ಲ ಹಳೀ ಗ್ವಾಡಿ ತೊಯ್ದಾಂಗ ಬರ್ತದ. ಆಮ್ಯಾಲ ಕಟ್ಟಿಗಿ. ಕಟ್ಟಿಗಿ ಹೋಗಿ ಸಣ್ಣಾಗಿ ಒಂದು ಸಿಹಿ ಬರ್ತದ, ಭಾಳ ಸಣ್ಣ, ಆವಾಗ ಇಳಸ್ಬೇಕು. ಆ ಸಿಹಿ ಬಂತೇನು?"

ನಾನು ಉಸಿರೆಳೆದುಕೊಂಡೆ. ಮೊದಲೇ ಹುರಿದ ಮೆಣಸಿನಕಾಯಿಯ ಘಾಟು ಇನ್ನೂ ಅಡುಗೆಮನೆಯಲ್ಲಿತ್ತು. ಅದರ ಕೆಳಗೆ ಏನೋ ಇತ್ತು. ಒದ್ದೆ ಗೋಡೆಯೋ, ಕಟ್ಟಿಗೆಯೋ, ನನಗೆ ಬೇರೆ ಮಾಡಲಾಗಲಿಲ್ಲ. ಇನ್ನೊಂದು ಕ್ಷಣ ಬಿಟ್ಟರೆ ಸುಟ್ಟೀತು ಎಂಬ ಹೆದರಿಕೆ. ಅವಳ ಕೈ ನಿಂತಿತ್ತು.

"ಬಂತು" ಅಂದೆ.

ಅವಳು ಥಟ್ಟನೆ ಇಳಿಸಿದಳು.

ಕುಟ್ಟಿದ್ದಾಯಿತು, ಸೋಸಿದ್ದಾಯಿತು. ಆ ದಿನದ ಬದನೆಕಾಯಿ ಪಲ್ಯಕ್ಕೆ ಅದನ್ನೇ ಹಾಕಿದಳು. ಭಾವ ಮತ್ತು ನಾನು ಕೂತೆವು. ಮೊದಲ ತುತ್ತಿಗೇ ತಿಳಿಯಿತು, ದಗಡಫೂಲ ಹಸಿ. ನಾಲಿಗೆಯ ಹಿಂದೆ ಮಣ್ಣಿನಂಥ ಒಂದು ಒಗರು ಕೂತುಬಿಟ್ಟಿತ್ತು. ಭಾವ ತಲೆ ಎತ್ತಲಿಲ್ಲ. ಅಕ್ಕ ಸೌಟು ಹಿಡಿದು ನಿಂತಿದ್ದಳು.

"ಹ್ಯಾಂಗಾಗ್ಯದ?"

"ಮೊದ್ಲಿನಾಂಗೇ ಅದ" ಅಂದರು ಭಾವ. "ಇನ್ನೊಂದಿಷ್ಟು ಹಾಕು."

ಅವಳು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನೂ ತಟ್ಟೆ ಮುಂದೆ ಹಿಡಿದೆ. ಅವಳು ನನ್ನ ಮುಖವನ್ನು, ದಗಡಫೂಲ ಹುರಿಯುವಾಗ ನೋಡಿದಂತೆಯೇ ನೋಡಿ, ಸೌಟನ್ನು ಪಾತೇಲಿಯಲ್ಲೇ ಬಿಟ್ಟಳು.

"ಬ್ಯಾಡ ಬಿಡು ತಮ್ಮಾ. ಮಸರು ಹಚ್ಕೊಂಡು ಉಣ್ಣು" ಅಂದಳು.